ದೇಶದೊಳಗಿನ ನಾಡುಗಳನ್ನು ಕನ್ನಡದಲ್ಲಿ ಹೆಸರಿಸುವ ಕ್ರಮ

ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯಿರಲಿ, ಸಂಘದ ವಾರ್ಷಿಕ ವಿಶೇಷಾಂಕವಿರಲಿ, ಊರಿನ ಇತಿಹಾಸದ ಪುಸ್ತಕವಿರಲಿ, ಮಂಗಳೂರು ಮತ್ತು ಉಡುಪಿಯ ಕಡೆ ಅಚ್ಚಿಗೆ ಹೋಗುವ ಬರಹಗಳಲ್ಲಿ ಬ್ರಿಟನ್ನಿನ ಪ್ರಸ್ತಾಪ ಒಂದಲ್ಲ ಒಂದು ಕಡೆ ಬಂದೇ ಬರುತ್ತದೆ. ಕಂಪನಿ ಸರಕಾರದ ಕಲೆಕ್ಟರರಿಂದ ತೊಡಗಿ ಈಗ ಗ್ಲಾಸ್ಗೋದಲ್ಲಿ ಎಂ.ಎಸ್ಸಿ. ಓದುತ್ತಿರುವ ಹಳೆ ವಿದ್ಯಾರ್ಥಿನಿಯವರೆಗೆ ಎಲ್ಲರನ್ನೂ ‘ಇಂಗ್ಲೆಂಡ್’ ಎಂಬ ಒಂದೇ ಗೋಣಿಗೆ ತುಂಬಿಬಿಡುವುದು ನಮ್ಮಲ್ಲಿ ನಡೆದುಬಂದ ರೂಢಿ. ಜಗಲಿಯಲ್ಲಿ ಕುಳಿತು ಆಡುವ ಮಾತಿನಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ. ಅಚ್ಚಿನಲ್ಲಿ ಉಳಿಯುವ ವಾಕ್ಯಕ್ಕೆ ಮಾತ್ರ ಸ್ವಲ್ಪ ಹೆಚ್ಚಿನ ಎಚ್ಚರ ಬೇಕು. ಒಂದು ದೊಡ್ಡ ದೇಶ, ಅದರೊಳಗೆ ತಾವೇ ಬೇರೆ ಜನವೆಂದು ಭಾವಿಸುವವರ ಹಲವು ನಾಡುಗಳು ಇರುವಾಗ, ಆ ನಾಡುಗಳನ್ನು ಬಿಡಿಬಿಡಿಯಾಗಿಯೂ ಒಟ್ಟಾಗಿಯೂ ಕನ್ನಡದಲ್ಲಿ ಹೇಗೆ ಕರೆಯಬೇಕೆಂಬುದನ್ನು ಇಲ್ಲಿ ವಿವರಿಸಿದೆ. ಹೆಚ್ಚಿನ ಉದಾಹರಣೆಗಳು ಬ್ರಿಟನ್ನಿನವೇ ಆಗಿರುವುದಕ್ಕೆ ಕಾರಣ, ನಮ್ಮ ಬರಹಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಮೊದಲು ವರ್ಷ ನೋಡಿ, ಆಮೇಲೆ ಹೆಸರು ಬರೆಯಿರಿ

ಒಳಗಿನ ನಾಡುಗಳ ಮಾತಿಗೆ ಮೊದಲು ಹೊರಗಿನ ದೇಶದ ಹೆಸರು ಖಚಿತವಾಗಬೇಕು. ಬ್ರಿಟನ್ನಿನ ವಿಷಯದಲ್ಲಿ ಈ ಹೆಸರು ಕಾಲಕಾಲಕ್ಕೆ ಬದಲಾಗಿದೆ. 1707ರ ಮೇ 1ಕ್ಕಿಂತ ಮೊದಲು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡು ಬೇರೆ ರಾಜ್ಯಗಳಾಗಿದ್ದವು. ವೇಲ್ಸ್ ಹದಿನಾರನೆಯ ಶತಮಾನದ ಕಾಯಿದೆಗಳ ಮೂಲಕವೇ ಇಂಗ್ಲೆಂಡಿಗೆ ಸೇರಿಕೊಂಡಿತ್ತು. 1603ರಿಂದ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಒಬ್ಬನೇ ಅರಸನಿದ್ದರೂ ಸಂಸತ್ತುಗಳು ಎರಡಿದ್ದವು. 1707ರಲ್ಲಿ ಅವು ಸೇರಿ ಗ್ರೇಟ್ ಬ್ರಿಟನ್ ಆಯಿತು. 1801ರ ಜನವರಿ 1ರಂದು ಐರ್ಲೆಂಡ್ ಸೇರಿ ಯುನೈಟೆಡ್ ಕಿಂಗ್‌ಡಮ್ ಎಂಬ ಹೆಸರು ಬಂತು. 1922ರಲ್ಲಿ ಐರ್ಲೆಂಡಿನ ಹೆಚ್ಚಿನ ಭಾಗ ಹೊರನಡೆದು ಉತ್ತರದ ಆರು ಕೌಂಟಿಗಳಷ್ಟೇ ಉಳಿದವು. 1927ರಲ್ಲಿ ಹೆಸರು ‘ಗ್ರೇಟ್ ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ಯುನೈಟೆಡ್ ಕಿಂಗ್‌ಡಮ್’ ಎಂದು ತಿದ್ದುಪಡಿಯಾಯಿತು.

ಈ ವರ್ಷಗಳನ್ನು ಮೇಜಿನ ಮೇಲೆ ಇಟ್ಟುಕೊಂಡರೆ ಸ್ಥಳೀಯ ಇತಿಹಾಸದ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟ ಒಂದನೆಯ ಎಲಿಜಬೆತ್ ‘ಇಂಗ್ಲೆಂಡಿನ ರಾಣಿ’ ಎಂಬುದು ಸರಿಯಾದ ಬರವಣಿಗೆ. 1784ರ ಮಾರ್ಚ್‌ನಲ್ಲಿ ಟಿಪ್ಪು ಸುಲ್ತಾನ್ ಮತ್ತು ಕಂಪನಿಯ ನಡುವೆ ಮಂಗಳೂರು ಒಪ್ಪಂದವಾದಾಗ ಇಂಗ್ಲೆಂಡ್ ಎಂಬ ಹೆಸರಿನ ಸ್ವತಂತ್ರ ದೇಶ ಇರಲಿಲ್ಲ, ಗ್ರೇಟ್ ಬ್ರಿಟನ್ ಇತ್ತು. ಆ ಒಪ್ಪಂದಕ್ಕೆ ಮೊದಲು ಟಿಪ್ಪುವಿನ ಮುತ್ತಿಗೆಯನ್ನು ತಡೆದು ಮಂಗಳೂರಿನ ಕೋಟೆಯೊಳಗೆ ತಿಂಗಳುಗಟ್ಟಲೆ ನಿಂತ ಸೇನೆಯನ್ನು ನಮ್ಮ ಪುಸ್ತಕಗಳು ‘ಇಂಗ್ಲಿಷರ ಸೇನೆ’ ಎನ್ನುತ್ತವೆ. ಅದರ ನಾಯಕ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಸ್ಕಾಟ್ಲೆಂಡಿನವನು. ಅವನೊಡನೆ ಇದ್ದವರು ಅಲ್ಲಿನ ಗುಡ್ಡಗಾಡಿನ ಹೈಲ್ಯಾಂಡರ್ ಪಡೆಯವರು ಮತ್ತು ಕಂಪನಿಯ ದೇಶೀ ಸಿಪಾಯಿಗಳು. 1799ರಲ್ಲಿ ಕೆನರಾದ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ. 1801ರಲ್ಲಿ ಈ ಕರಾವಳಿಯನ್ನು ಸುತ್ತಿ ಬೆಳೆ, ಭೂಮಿ, ಜಾತಿಗಳ ವಿವರ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟ್ಲೆಂಡಿನವನೇ. ಕಂಪನಿಯ ಕೆಲಸಕ್ಕೆ ಬಂದ ಸ್ಕಾಟರ ಸಂಖ್ಯೆ ಸಣ್ಣದಾಗಿರಲಿಲ್ಲವಾದ್ದರಿಂದ, ಹೆಸರು ಬಂದ ಕೂಡಲೇ ‘ಇಂಗ್ಲಿಷ್ ಅಧಿಕಾರಿ’ ಎಂದು ಬರೆಯದೆ, ಹುಟ್ಟಿದ ಊರು ಗೊತ್ತಿಲ್ಲದಿದ್ದರೆ ‘ಬ್ರಿಟಿಷ್ ಅಧಿಕಾರಿ’ ಅಥವಾ ‘ಕಂಪನಿಯ ಅಧಿಕಾರಿ’ ಎಂದು ಬರೆಯುವುದು ಕ್ಷೇಮ.

ಇಂದಿನ ಬ್ರಿಟನ್ನಿಗೆ ಸಂಬಂಧಿಸಿ ‘ಇಂಗ್ಲೆಂಡಿನ ಪ್ರಧಾನಿ’, ‘ಇಂಗ್ಲೆಂಡಿನ ರಾಜ’ ಎಂಬ ಎರಡನ್ನೂ ಬಿಟ್ಟುಬಿಡಬೇಕು. ಅಂಥ ಹುದ್ದೆಗಳೇ ಇಲ್ಲ. ಬ್ರಿಟನ್ ಎಂಬುದು ಇಡೀ ದೇಶಕ್ಕೆ ಪತ್ರಿಕೆಗಳು ಬಳಸುವ ಸಂಕ್ಷಿಪ್ತ ರೂಪವಾಗಿ ಕನ್ನಡದಲ್ಲಿ ನೆಲೆನಿಂತಿದೆ, ಅದನ್ನೇ ಬಳಸಬಹುದು. ಕಾನೂನು, ವೀಸಾ, ಒಪ್ಪಂದಗಳ ಸಂದರ್ಭದಲ್ಲಿ ಮಾತ್ರ ಪೂರ್ಣ ಹೆಸರು ಬೇಕು, ಏಕೆಂದರೆ ‘ಗ್ರೇಟ್ ಬ್ರಿಟನ್’ ಎಂದರೆ ಭೂಗೋಳದ ಲೆಕ್ಕದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಇರುವ ದ್ವೀಪ. ಉತ್ತರ ಐರ್ಲೆಂಡ್ ಅದರ ಹೊರಗಿದೆ. ಜೆರ್ಸಿ, ಗರ್ನ್‌ಸಿ ಮತ್ತು ಐಲ್ ಆಫ್ ಮ್ಯಾನ್ ಅರಸೊತ್ತಿಗೆಗೆ ಅಧೀನವಾಗಿದ್ದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗಗಳಲ್ಲ.

ಒಟ್ಟು ಹೆಸರಿಗೆ ಯಾವ ಪದ?

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಎಂಬ ಈ ನಾಲ್ಕನ್ನು ಒಟ್ಟಾಗಿ ಕರೆಯಲು ಇಂಗ್ಲಿಷಿನಲ್ಲಿ ಹಲವು ಮಾತುಗಳಿವೆ. ಕನ್ನಡಕ್ಕೆ ತರುವ ಮೊದಲು, ಆ ಮಾತಿನೊಳಗೆ ಎಷ್ಟು ನಾಡುಗಳಿವೆ ಎಂದು ಎಣಿಸಿ ನೋಡುವುದು ಒಳ್ಳೆಯ ಅಭ್ಯಾಸ. ‘ಫೋರ್ ನೇಷನ್ಸ್’ ಎಂದರೆ ನಾಲ್ಕೂ. ‘ಡಿವಾಲ್ವ್ಡ್ ನೇಷನ್ಸ್’ ಎಂದರೆ ಮೂರೇ, ಏಕೆಂದರೆ 1998ರ ಕಾಯಿದೆಗಳ ಮೂಲಕ ಸ್ವಂತ ಶಾಸನಸಭೆ ಸಿಕ್ಕಿದ್ದು ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿಗೆ. ಇಂಗ್ಲೆಂಡಿಗೆ ಇಂದಿಗೂ ಲಂಡನ್ನಿನ ಸಂಸತ್ತೇ ಗತಿ. ‘ಹೋಮ್ ನೇಷನ್ಸ್’ ಕ್ರೀಡೆಯ ಮಾತು. ಫುಟ್‌ಬಾಲ್‌ನಲ್ಲಿ ಅದು ಈ ನಾಲ್ಕನ್ನು ಸೂಚಿಸಿದರೆ, ರಗ್ಬಿಯಲ್ಲಿ ಐರ್ಲೆಂಡ್ ದ್ವೀಪವಿಡೀ ಒಂದೇ ತಂಡವಾಗಿ ಆಡುವುದರಿಂದ ಅರ್ಥ ಗಡಿ ದಾಟುತ್ತದೆ. ‘ಕೆಲ್ಟಿಕ್ ನೇಷನ್ಸ್’ ಎಂಬುದು ಭಾಷೆಯ ನೆಂಟಸ್ತಿಕೆಯ ಮೇಲೆ ನಿಂತ ಪದವಾದ್ದರಿಂದ ಅದರೊಳಗೆ ಫ್ರಾನ್ಸಿನ ಬ್ರಿಟನಿ ಕೂಡ ಬರುತ್ತದೆ, ಇಂಗ್ಲೆಂಡ್ ಬರುವುದಿಲ್ಲ. ಎಣಿಸದೆ ಎಲ್ಲಕ್ಕೂ ಒಂದೇ ಪದ ಹಾಕಿದರೆ ವಾಕ್ಯ ಸುಳ್ಳಾಗುತ್ತದೆ.

ಕನ್ನಡದಲ್ಲಿ ಕೈಗೆ ಮೊದಲು ಸಿಗುವ ಪದ ‘ರಾಷ್ಟ್ರ’. ಆದರೆ ವಿಶ್ವಸಂಸ್ಥೆಯ ಸದಸ್ಯರನ್ನು ನಾವು ‘193 ಸದಸ್ಯ ರಾಷ್ಟ್ರಗಳು’ ಎನ್ನುತ್ತೇವೆ. ಆ ಪಟ್ಟಿಯಲ್ಲಿ ಸ್ಕಾಟ್ಲೆಂಡ್ ಇಲ್ಲ. ಅದೇ ಪದವನ್ನು ಸ್ಕಾಟ್ಲೆಂಡಿಗೂ ಬಳಸಿದರೆ, ಅದಕ್ಕೆ ಬೇರೆ ಪಾಸ್‌ಪೋರ್ಟ್, ಬೇರೆ ರಾಯಭಾರಿ ಇದ್ದಾರೆಂದು ಓದುಗ ತಿಳಿಯುವುದು ಸಹಜ. ‘ದೇಶ’ ಪದಕ್ಕೂ ಇದೇ ತೊಡಕು, ಬ್ರಿಟಿಷ್ ಸರಕಾರವೇ ತನ್ನ ದಾಖಲೆಗಳಲ್ಲಿ ಇವನ್ನು ದೇಶಗಳೆಂದು ಕರೆದರೂ ಕೂಡ. ‘ರಾಜ್ಯ’ ಎಂದರೆ ನಮ್ಮ ಓದುಗರ ಕಣ್ಣ ಮುಂದೆ ಕರ್ನಾಟಕ, ಕೇರಳ ನಿಲ್ಲುತ್ತವೆ. ನಮ್ಮ ಸಂವಿಧಾನದ 3ನೆಯ ವಿಧಿಯ ಪ್ರಕಾರ ಸಂಸತ್ತು ರಾಜ್ಯವನ್ನು ಹೊಸದಾಗಿ ರಚಿಸಬಹುದು, ಗಡಿ ಬದಲಿಸಬಹುದು. ಸ್ಕಾಟ್ಲೆಂಡಾದರೋ ತನ್ನದೇ ಸಂಸತ್ತಿದ್ದ ರಾಜ್ಯವಾಗಿ ಒಪ್ಪಂದ ಮಾಡಿಕೊಂಡು ಒಳಬಂದದ್ದು, ತನ್ನ ನ್ಯಾಯಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿರುವಂಥದು. ‘ಪ್ರಾಂತ’ ಎಂದರೆ 1956ರವರೆಗೆ ಈ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದ ಆಡಳಿತ ನೆನಪಾಗುತ್ತದೆ; ಕೆನಡಾದ ಆಡಳಿತ ವಿಭಾಗಗಳಿಗೆ ಅದು ಸರಿ, ಸ್ಕಾಟರಿಗೆ ಅವಮಾನ.

ಅನುವಾದಕರು ಇಷ್ಟಪಡುವ ಇನ್ನೆರಡು ಪದಗಳಿವೆ. ‘ಘಟಕ ರಾಷ್ಟ್ರ’ ಎಂಬುದು ಅರ್ಥದಲ್ಲಿ ತಪ್ಪಲ್ಲ, ಆದರೆ ನಮ್ಮಲ್ಲಿ ಘಟಕವೆಂದರೆ ಕೆಎಸ್‌ಆರ್‌ಟಿಸಿ ಡಿಪೊ, ಎನ್‌ಎಸ್‌ಎಸ್ ಘಟಕ, ಪರಿಷತ್ತಿನ ತಾಲೂಕು ಘಟಕ. ಮೇಲಿನಿಂದ ತೆರೆದ ಶಾಖೆ ಎಂಬ ಧ್ವನಿ ಅದಕ್ಕೆ ಅಂಟಿಕೊಂಡಿದೆ. ‘ಅಂಗರಾಜ್ಯ’ ಎಂದು ಬರೆದರೆ ಯಕ್ಷಗಾನ ನೋಡಿ ಬೆಳೆದ ಓದುಗರಿಗೆ ಕರ್ಣನ ಪ್ರವೇಶವಾಗುತ್ತದೆಯೇ ಹೊರತು ವೇಲ್ಸ್ ಹೊಳೆಯುವುದಿಲ್ಲ.

ಈ ಕಾರಣಗಳಿಂದ ‘ನಾಡು’ ಎಂಬ ಪದವನ್ನೇ ಬಳಸಬೇಕೆಂಬುದು ನನ್ನ ಖಚಿತವಾದ ಸಲಹೆ: ‘ಬ್ರಿಟನ್ನಿನ ನಾಲ್ಕು ನಾಡುಗಳು’. ಕರಾವಳಿಯ ಓದುಗರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ತುಳುನಾಡು ಎಂಬುದು ಯಾವ ಸರಕಾರದ ಪಟ್ಟಿಯಲ್ಲಿಯೂ ಆಡಳಿತ ವಿಭಾಗವಾಗಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಹರಡಿ, ರಾಜ್ಯದ ಗಡಿ ದಾಟಿ ಕಾಸರಗೋಡಿನವರೆಗೂ ಹೋಗುತ್ತದೆ. ಹಾಗಿದ್ದೂ ಅದು ಇದೆ ಎಂಬುದರಲ್ಲಿ ಇಲ್ಲಿ ಯಾರಿಗೂ ಸಂಶಯವಿಲ್ಲ. ಸಾರ್ವಭೌಮತ್ವವಿಲ್ಲದೆಯೂ ಒಂದು ಜನ, ಒಂದು ನೆಲ, ಒಂದು ಹೆಸರು ಇರಬಹುದೆಂಬ ಅರ್ಥವನ್ನು ‘ನಾಡು’ ತನ್ನೊಳಗೇ ಇಟ್ಟುಕೊಂಡಿದೆ. ಆದರೆ ಈ ಪದ ಅಧಿಕಾರದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಮರೆಯಬಾರದು. ಸ್ಕಾಟ್ಲೆಂಡಿಗೆ ಸಂಸತ್ತಿದೆ, ತುಳುನಾಡಿಗೆ ಇಲ್ಲ. ಆದ್ದರಿಂದ ಲೇಖನದಲ್ಲಿ ಮೊದಲ ಸಲ ಬರೆಯುವಾಗ ‘ಬ್ರಿಟನ್ನಿನೊಳಗೆ ಸ್ವಂತ ಶಾಸನಸಭೆ ಹೊಂದಿರುವ ಸ್ಕಾಟ್ಲೆಂಡ್’ ಎಂಬಂತೆ ಅರ್ಧ ವಾಕ್ಯ ಸೇರಿಸಿ, ಮುಂದೆ ಬರಿಯ ಹೆಸರು ಸಾಕೆನ್ನಬಹುದು. ‘ಒಕ್ಕೂಟ’ ಎಂಬ ಪದವನ್ನು ಬ್ರಿಟನ್ನಿಗೆ ಹಾಕಬೇಡಿ. ಅಲ್ಲಿ ಇರುವುದು ಅಧಿಕಾರ ಬಿಟ್ಟುಕೊಟ್ಟಿರುವ ಏಕೀಕೃತ ವ್ಯವಸ್ಥೆ, ನಮ್ಮಲ್ಲಿರುವಂತೆ ಸಂವಿಧಾನವೇ ಹಂಚಿಕೊಟ್ಟ ಅಧಿಕಾರವಲ್ಲ.

ಜನ, ಹುದ್ದೆ, ತಂಡ

ಜನರನ್ನು ಕರೆಯುವಾಗ ಕನ್ನಡದ ‘-ಇನವರು’ ಎಂಬ ಪ್ರತ್ಯಯ ದೊಡ್ಡ ಉಪಕಾರಿ. ಸ್ಕಾಟ್ಲೆಂಡಿನವರು, ವೇಲ್ಸಿನವರು, ಇಂಗ್ಲೆಂಡಿನವರು ಎಂದರೆ ಯಾರಿಗೂ ನೋವಾಗುವುದಿಲ್ಲ, ಯಾವ ವಿಶೇಷಣ ಬಳಸಬೇಕೆಂಬ ತಲೆನೋವೂ ಇಲ್ಲ. ಉತ್ತರ ಐರ್ಲೆಂಡಿನ ವಿಷಯದಲ್ಲಂತೂ ಇದೇ ದಾರಿ. ಅಲ್ಲಿ ಕೆಲವರು ತಮ್ಮನ್ನು ಬ್ರಿಟಿಷರೆಂದೂ ಕೆಲವರು ಐರಿಷರೆಂದೂ ತಿಳಿಯುತ್ತಾರೆ. 1998ರ ಏಪ್ರಿಲ್ 10ರ ಗುಡ್ ಫ್ರೈಡೆ ಒಪ್ಪಂದವು ಎರಡರಲ್ಲಿ ಒಂದನ್ನು, ಇಲ್ಲವೇ ಎರಡನ್ನೂ ಆರಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿದೆ. ಹೊರಗಿನವರಾದ ನಾವು ಆ ಆಯ್ಕೆಯನ್ನು ಅವರ ಪರವಾಗಿ ಮಾಡಬಾರದು. ‘ಉತ್ತರ ಐರ್ಲೆಂಡಿನವರು’ ಎಂದು ಬರೆದು ಮುಂದುವರಿಯಿರಿ. ಆ ಭಾಗಕ್ಕೆ ನಾಡು, ಪ್ರಾಂತ, ಪ್ರದೇಶ ಎಂಬ ವಿಶೇಷಣವನ್ನೂ ಬಿಡಿಯಾಗಿ ಅಂಟಿಸದಿರುವುದು ಲೇಸು. ‘ನಾಲ್ಕು ನಾಡುಗಳು’ ಎಂಬ ಒಟ್ಟು ಮಾತಿನೊಳಗೆ ಅದು ಬಂದರೆ ಸಾಕು. ‘ಅಲ್ಸ್ಟರ್’ ಎಂಬುದನ್ನು ಪರ್ಯಾಯ ಹೆಸರಾಗಿ ಬಳಸುವುದು ರಾಜಕೀಯವಾಗಿ ಒಂದು ಪಕ್ಷದ ಮಾತಾಗುತ್ತದೆ, ಮೇಲಾಗಿ ಲೆಕ್ಕವೂ ತಪ್ಪುತ್ತದೆ: ಹಳೆಯ ಅಲ್ಸ್ಟರ್‌ನಲ್ಲಿ 9 ಕೌಂಟಿಗಳಿದ್ದು, ಅವುಗಳಲ್ಲಿ 3 ಐರ್ಲೆಂಡ್ ಗಣರಾಜ್ಯದಲ್ಲಿವೆ.

ಹುದ್ದೆಗಳ ಹೆಸರಿನಲ್ಲಿ ಒಂದು ಬಲೆಯಿದೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಸರಕಾರಗಳ ಮುಖ್ಯಸ್ಥರು ‘ಫಸ್ಟ್ ಮಿನಿಸ್ಟರ್’. ಇದನ್ನು ಮುಖ್ಯಮಂತ್ರಿ ಎಂದರೆ ಓದುಗರಿಗೆ ಕೂಡಲೇ ಅರ್ಥವಾಗುತ್ತದೆ ಎಂಬುದು ನಿಜ, ಪತ್ರಿಕೆಯ ಶೀರ್ಷಿಕೆಗೆ ಅದು ನಡೆದೀತು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಕೆಟ್ಟುಹೋಗುತ್ತದೆ. ಅಲ್ಲಿ ಫಸ್ಟ್ ಮಿನಿಸ್ಟರ್ ಮತ್ತು ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಇಬ್ಬರಿಗೂ ಸಮಾನ ಅಧಿಕಾರ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಹುದ್ದೆ ಕಳೆದುಕೊಳ್ಳುತ್ತಾರೆ. ‘ಉಪಮುಖ್ಯಮಂತ್ರಿ’ ಎಂದು ಅನುವಾದಿಸಿದರೆ, ಬೆಂಗಳೂರಿನ ರಾಜಕೀಯ ನೋಡಿದ ಓದುಗ ಎರಡನೆಯವರನ್ನು ಕೆಳಗಿನ ಸ್ಥಾನದವರೆಂದು ತಿಳಿಯುತ್ತಾನೆ. ಅಲ್ಲಿ ಇಂಗ್ಲಿಷ್ ಹುದ್ದೆಯ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬರೆದು, ಸಮಾನ ಅಧಿಕಾರದ ಮಾತನ್ನು ಒಂದು ವಾಕ್ಯದಲ್ಲಿ ತಿಳಿಸಬೇಕು. ವೇಲ್ಸಿನ ಶಾಸನಸಭೆಗೆ 2020ರಿಂದ ‘ಸೆನೆಡ್’ ಎಂಬ ವೆಲ್ಷ್ ಹೆಸರೇ ಅಧಿಕೃತ ಬಳಕೆಗೆ ಬಂದಿದೆ. ಹಳೆಯ ಅನುವಾದಗಳಿಂದ ‘ವೇಲ್ಸ್ ಅಸೆಂಬ್ಲಿ’ ಎಂದು ನಕಲು ಮಾಡಬೇಡಿ.

ಕ್ರೀಡಾಪುಟದಲ್ಲಿ ಅಪಾಯ ತಿರುಗುಮುರುಗಾಗಿದೆ. ಇಷ್ಟೆಲ್ಲ ಓದಿದ ಉತ್ಸಾಹಿ ಸಂಪಾದಕರು ‘ಇಂಗ್ಲೆಂಡ್’ ಕಂಡಲ್ಲೆಲ್ಲ ‘ಬ್ರಿಟನ್’ ಎಂದು ತಿದ್ದಲು ಹೊರಡುತ್ತಾರೆ. ಕ್ರಿಕೆಟ್‌ನಲ್ಲಿ ಆಡುವುದು ಇಂಗ್ಲೆಂಡ್ ತಂಡವೇ, ಅದನ್ನು ನಡೆಸುವ ಮಂಡಳಿ ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಸೇರಿದ್ದು. 2017ರಲ್ಲಿ ಟೆಸ್ಟ್ ಮಾನ್ಯತೆ ಪಡೆದ ಐರ್ಲೆಂಡ್ ತಂಡ ಇಡೀ ದ್ವೀಪದ್ದು. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ನಾಲ್ಕೂ ನಾಡುಗಳು ಬೇರೆ ಬೇರೆಯಾಗಿ ಬರುತ್ತವೆ, ಒಲಿಂಪಿಕ್ಸ್‌ಗೆ ಒಂದೇ ಆಗಿ. ಹಾಕಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ: 2023ರ ಜನವರಿಯಲ್ಲಿ ಒಡಿಶಾದ ವಿಶ್ವಕಪ್‌ನಲ್ಲಿ ಭಾರತ ಗೋಲಿಲ್ಲದೆ ಸಮಬಲ ಸಾಧಿಸಿದ್ದು ಇಂಗ್ಲೆಂಡ್ ಎದುರು, 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಶೂಟೌಟ್‌ನಲ್ಲಿ ಮಣಿಸಿದ್ದು ಗ್ರೇಟ್ ಬ್ರಿಟನ್ ತಂಡವನ್ನು. ಎರಡೂ ಹೆಸರು ಸರಿ, ಎರಡನ್ನೂ ಮುಟ್ಟಬಾರದು. ಟೆನಿಸ್ ಆಟಗಾರ ಆ್ಯಂಡಿ ಮರ್ರೆ ‘ಬ್ರಿಟನ್ನಿನ ಆಟಗಾರ’ ಅಥವಾ ‘ಸ್ಕಾಟ್ಲೆಂಡಿನ ಆಟಗಾರ’. ‘ಇಂಗ್ಲೆಂಡಿನ ಮರ್ರೆ’ ಎಂಬುದು ಎಂದೂ ಸಲ್ಲದು.

ಒಂದು ವಾಕ್ಯವನ್ನು ತಿದ್ದಿ ನೋಡೋಣ. ಹಳೆ ವಿದ್ಯಾರ್ಥಿ ಸಂಘದ ಸಂಚಿಕೆಗೆ ಬರುವ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: ‘ನಮ್ಮ ಶಾಲೆಯ ವಿದ್ಯಾರ್ಥಿನಿ ಇಂಗ್ಲೆಂಡ್ ದೇಶದ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಇಂಗ್ಲೆಂಡ್ ಸರಕಾರದ ವಿದ್ಯಾರ್ಥಿವೇತನ ಪಡೆದು ಓದುತ್ತಿದ್ದಾಳೆ.’ ಎಡಿನ್‌ಬರೋ ಸ್ಕಾಟ್ಲೆಂಡಿನ ರಾಜಧಾನಿ, ಆದ್ದರಿಂದ ಮೊದಲನೆಯ ‘ಇಂಗ್ಲೆಂಡ್ ದೇಶದ’ ಹೋಗಿ ‘ಸ್ಕಾಟ್ಲೆಂಡಿನ’ ಬರಬೇಕು. ಎರಡನೆಯದನ್ನು ತಿದ್ದುವ ಮೊದಲು ವಿದ್ಯಾರ್ಥಿನಿಯ ಮನೆಯವರನ್ನು ಕೇಳಬೇಕು, ಏಕೆಂದರೆ ಅಲ್ಲಿ ಶಿಕ್ಷಣ ಸ್ಕಾಟ್ಲೆಂಡ್ ಸರಕಾರದ ಅಧಿಕಾರದಲ್ಲಿದೆ, ವೀಸಾ ಲಂಡನ್ನಿನ ಬ್ರಿಟಿಷ್ ಸರಕಾರದ ಕೈಯಲ್ಲಿದೆ. ವಿದ್ಯಾರ್ಥಿವೇತನ ಇಬ್ಬರಲ್ಲಿ ಯಾರದ್ದೂ ಆಗಿರಬಹುದು, ವಿಶ್ವವಿದ್ಯಾಲಯದ್ದೂ ಆಗಿರಬಹುದು. ಅಂದ ಹಾಗೆ, ಅರ್ಜಿ ನಮೂನೆಗಳಲ್ಲಿ ದೇಶದ ಹೆಸರು ಆರಿಸುವಾಗ ಹುಡುಕಬೇಕಾದದ್ದು ಸಾಮಾನ್ಯವಾಗಿ ‘ಯುನೈಟೆಡ್ ಕಿಂಗ್‌ಡಮ್’ ಎಂದೇ, ವಿಶ್ವವಿದ್ಯಾಲಯ ಯಾವ ನಾಡಿನಲ್ಲಿದ್ದರೂ ಸರಿ.

ಬೇರೆ ದೇಶಗಳಿಗೆ ಈ ಪದ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ

ಡೆನ್ಮಾರ್ಕ್ ಅರಸೊತ್ತಿಗೆಯೊಳಗಿನ ಗ್ರೀನ್‌ಲ್ಯಾಂಡ್ ಮತ್ತು ಫ್ಯಾರೋ ದ್ವೀಪಗಳಿಗೆ ‘ನಾಡು’ ಸರಿಯಾಗಿ ಹೊಂದುತ್ತದೆ. ಗ್ರೀನ್‌ಲ್ಯಾಂಡಿಗೆ 1979ರಲ್ಲಿ ಸ್ವಂತ ಆಡಳಿತ ಬಂದು 2009ರಲ್ಲಿ ಅದು ವಿಸ್ತಾರಗೊಂಡಿತು. ನೆದರ್‌ಲ್ಯಾಂಡ್ಸ್ ಅರಸೊತ್ತಿಗೆಯಲ್ಲಿ 2010ರ ಅಕ್ಟೋಬರ್ 10ರಿಂದ ನೆದರ್‌ಲ್ಯಾಂಡ್ಸ್, ಅರೂಬಾ, ಕ್ಯೂರಸಾವ್, ಸಿಂಟ್ ಮಾರ್ಟೆನ್ ಎಂಬ ನಾಲ್ಕು ಭಾಗಗಳಿವೆ. ‘ಹಾಲೆಂಡ್’ ಎಂಬುದು ಅಲ್ಲಿನ 12 ಪ್ರಾಂತಗಳಲ್ಲಿ 2ರ ಹೆಸರು ಮಾತ್ರ. ಸೋವಿಯತ್ ಒಕ್ಕೂಟದ 15 ಭಾಗಗಳಿಗೆ ‘ಗಣರಾಜ್ಯ’ ಎಂಬ ಪದ ಕನ್ನಡದಲ್ಲಿ ಮೊದಲೇ ನೆಲೆಯಾಗಿದೆ. 1991ಕ್ಕೆ ಮೊದಲು ಕೀವ್‌ನಲ್ಲಿ ವೈದ್ಯ ಪದವಿ ಪಡೆದವರು ಓದಿದ್ದು ‘ರಷ್ಯಾದಲ್ಲಿ’ ಅಲ್ಲ, ಸೋವಿಯತ್ ಒಕ್ಕೂಟದ ಉಕ್ರೇನಿನಲ್ಲಿ.

ಹೆಸರೇ ವಿವಾದವಾಗಿರುವ ಕಡೆ ‘ನಾಡು’ ಎಂಬ ಮೆತ್ತನೆಯ ಪದ ವಿಷಯವನ್ನೇ ಮುಚ್ಚಿಬಿಡುತ್ತದೆ. ಕ್ವಿಬೆಕ್‌ನ ಜನ ಅಖಂಡ ಕೆನಡಾದೊಳಗೆ ಒಂದು ‘ರಾಷ್ಟ್ರ’ವೆಂದು 2006ರ ನವೆಂಬರ್‌ನಲ್ಲಿ ಕೆನಡಾದ ಕೆಳಮನೆ ನಿರ್ಣಯ ಮಾಡಿದಾಗ ಸುದ್ದಿಯಾದದ್ದು ಆ ಪದದಿಂದಲೇ. ಸ್ಪೇನಿನಲ್ಲಿ ಕೆಟಲೋನಿಯಾವನ್ನು ರಾಷ್ಟ್ರವೆಂದು ಕರೆದ ಮಾತಿಗೆ ಕಾನೂನಿನ ಬಲವಿಲ್ಲವೆಂದು 2010ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿತು. ಇಂಥಲ್ಲಿ ಉದ್ಧರಣ ಚಿಹ್ನೆಯೊಳಗೆ ‘ರಾಷ್ಟ್ರ’ ಎಂದೇ ಬರೆದು, ಹಾಗೆ ಕರೆದವರು ಯಾರೆಂದು ತಿಳಿಸಬೇಕು.

ನಮ್ಮ ಊರಿಗೆ ಹೆಚ್ಚು ಬೇಕಾಗುವ ಇನ್ನೊಂದು ಸಂದರ್ಭ ಬಾಸೆಲ್ ಮಿಷನ್ನಿನದು. 1834ರಲ್ಲಿ ಬಂದ ಈ ಸಂಸ್ಥೆಯ ಕೇಂದ್ರ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿತ್ತು, ಇಲ್ಲಿ ದುಡಿದ ಅನೇಕರು ಜರ್ಮನ್ ಭಾಷಿಕ ವುರ್ಟೆಂಬರ್ಗಿನವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗ್ ಅರಸೊತ್ತಿಗೆಯ ಪ್ರಜೆ. ಜರ್ಮನಿ ಎಂಬ ಒಂದೇ ದೇಶ ರೂಪುಗೊಂಡದ್ದು 1871ರಲ್ಲಿ. 1894ರಲ್ಲಿ ಇಲ್ಲಿಯೇ ಅಚ್ಚಾದ ನಿಘಂಟಿನ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಹನೋವರ್ ಅರಸೊತ್ತಿಗೆಯಲ್ಲಿ, ಆಗ ಅಲ್ಲಿನ ಅರಸ ಬ್ರಿಟನ್ನಿನ ಅರಸ ನಾಲ್ಕನೆಯ ವಿಲಿಯಮ್ಮನೇ ಆಗಿದ್ದ. ಹಾಗೆಂದು ಕಿಟೆಲ್ ಬ್ರಿಟಿಷನಾಗುವುದಿಲ್ಲ. ಅರಸ ಒಬ್ಬನಿದ್ದ ಮಾತ್ರಕ್ಕೆ ದೇಶ ಒಂದಾಗುವುದಿಲ್ಲ. ‘ಜರ್ಮನ್ ಮಿಷನರಿ’ ಎಂದರೆ ಭಾಷೆ, ಸಂಸ್ಕೃತಿಗಳ ಲೆಕ್ಕದಲ್ಲಿ ಸರಿ. ‘ಜರ್ಮನಿ ದೇಶದಿಂದ 1836ರಲ್ಲಿ ಬಂದ’ ಎಂಬಂಥ ವಾಕ್ಯವನ್ನು ‘ವುರ್ಟೆಂಬರ್ಗಿನಿಂದ, ಇಂದಿನ ಜರ್ಮನಿಯಿಂದ’ ಎಂದು ತಿದ್ದಿದರೆ ಮುಗಿಯಿತು.

ಕೊನೆಗೆ ಉಳಿದದ್ದು, ಇಲ್ಲಿ ಅಸಂಖ್ಯ ಮನೆಗಳಿಗೆ ಸಂಬಂಧಿಸಿದ ಕೊಲ್ಲಿಯ ಕಡೆಯ ಮಾತು. ಅಬುಧಾಬಿ, ದುಬೈ, ಶಾರ್ಜಾ, ಅಜ್ಮಾನ್, ಉಮ್ಮುಲ್ ಕ್ವೈನ್, ರಾಸ್ ಅಲ್ ಖೈಮಾ, ಫುಜೈರಾ ಎಂಬ ಏಳು ಎಮಿರೇಟ್‌ಗಳು ಸೇರಿದ್ದು ಯುಎಇ. 1971ರ ಡಿಸೆಂಬರ್ 2ರಂದು ಆರು ಸೇರಿ ದೇಶವಾಯಿತು, ರಾಸ್ ಅಲ್ ಖೈಮಾ 1972ರ ಫೆಬ್ರುವರಿಯಲ್ಲಿ ಸೇರಿಕೊಂಡಿತು. ಇವುಗಳನ್ನು ನಾಡುಗಳೆನ್ನಬಾರದು, ಏಕೆಂದರೆ ಅವುಗಳನ್ನು ಬೇರ್ಪಡಿಸುವುದು ಆಳುವ ಮನೆತನವೇ ಹೊರತು ಬೇರೆ ಭಾಷೆಯ ಬೇರೆ ಜನವಲ್ಲ. ‘ಎಮಿರೇಟ್’ ಎಂಬ ಪದವೇ ಇರಲಿ. ಕತಾರ್, ಬಹರೈನ್, ಕುವೈತ್ ಈ ಏಳರಲ್ಲಿ ಸೇರಿಲ್ಲ, ಅವು ಸ್ವತಂತ್ರ ದೇಶಗಳು. ಸನ್ಮಾನ ಪತ್ರದಲ್ಲಾಗಲಿ ದಾನಿಗಳ ಪಟ್ಟಿಯಲ್ಲಾಗಲಿ ಶಾರ್ಜಾದಲ್ಲಿರುವವರನ್ನು ‘ದುಬೈ’ ಎಂದು ಬರೆಯದೆ ‘ಶಾರ್ಜಾ, ಯುಎಇ’ ಎಂದೇ ಬರೆಯಿರಿ, ಬರೆಯುವ ಮೊದಲು ಅವರು ಇರುವುದು ಯಾವ ಎಮಿರೇಟ್‌ನಲ್ಲಿ ಎಂದು ಫೋನಿನಲ್ಲಿ ಕೇಳಿಕೊಳ್ಳಿ.